ಹೊಸ್ತಿಲಾಚೆ ನಿಂತ ಅಣ್ಣ

ಟರ್ಕಿ ಕೋಳಿಯ ಮಾಂಸ ಹರವಿದ ಅನ್ನದ ಬಟ್ಟಲನ್ನು ಸು-ಹುವಾ ತನ್ನ ಹೆಂಡತಿ ಬಿ-ಯುನ್‌ಳ ಶವಪೆಟ್ಟಿಗೆಯ ಕಾಲ್ದೆಸೆಗೆ ಇಡುತ್ತಿರುವಾಗ ಹೊರಗೆ ಕಾರು ನಿಂತಿತು.

"ಬಿ-ಯುನ್‌ಳ ಅಣ್ಣ ಬಂದ," ಎಂದಳು ಪಕ್ಕದಂಗಡಿಯ ಆ-ಲಿಯೆನ್. "ಏನ್ ರಾದ್ಧಾಂತ ಮಾಡ್ತಾನೋ."

ಸು-ಹುವಾ ಬಾಗಿಲತ್ತ ತಿರುಗಿದಳು. ಚಿಯಾಯಿ ಪಟ್ಟಣದ ಆ ಓಣಿಯಲ್ಲಿ ತವರಿನವರು ಮುಖ ನೋಡಿ ಒಪ್ಪದೆ ಹೆಂಗಸಿನ ಪೆಟ್ಟಿಗೆ ಮುಚ್ಚುವಂತಿಲ್ಲ. ಅಣ್ಣ ಕುವಾನ್-ಷೆಂಗ್ ನೆಟ್ಟಗೆ ಒಳಬಂದು ಯಜಮಾನನ ಜಾಗದಲ್ಲಿ ನಿಂತನೋ, ಬಿ-ಯುನ್ ಅವನ ಮನೆಯ ಮದುವೆಯಾಗದ ಹೆಣ್ಣಾಗಿಬಿಡುತ್ತಾಳೆ; ಪೂಜೆಗಿಡುವ ಅವಳ ಹೆಸರಿನ ಫಲಕ, ಮದುವೆಯಾಗದೆ ಸತ್ತವರಿಗೆಂದಿರುವ ಊರಾಚೆಯ ಕನ್ಯೆಯರ ಗುಡಿ ಸೇರುತ್ತದೆ. ಕಾನೂನೇನೋ ಸು-ಹುವಾಳ ಕಡೆಗಿತ್ತು. ಆದರೆ ಹೆಣದ ಮುಂದೆ ಜಗಳಕ್ಕೆ ನಿಲ್ಲುವ ಜೀವ ಅವಳದಲ್ಲ.

*

ಮದುವೆ ನೋಂದಣಿಯಾದ ದಿನ ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತವರಿಗೆ ಕೊಡಬೇಕಾದ ಮದುವೆ ತಿಂಡಿಯ ಡಬ್ಬ ಹಿಡಿದು ಕುವಾನ್-ಷೆಂಗನ ಮನೆಗೆ ಹೋಗಿದ್ದರು.

"ನಮ್ಮನೆ ಹೆಣ್ಣಿಗೆ ಮದ್ವೆನೇ ಆಗಿಲ್ಲ, ಮದ್ವೆ ತಿಂಡಿ ಎಲ್ಲಿಂದ ಬಂತು?" ಎಂದು ಅವನು ಡಬ್ಬ ಹಿಂದಕ್ಕೆ ತಳ್ಳಿದ್ದ.

ವಾಪಸ್ ಬರುವಾಗ ಸ್ಕೂಟರಿನ ಹಿಂದೆ ಕೂತ ಬಿ-ಯುನ್ ಅದನ್ನು ಬಿಚ್ಚಿ ತಿನ್ನತೊಡಗಿದಳು. "ಹೋಗ್ಲಿ ಬಿಡು, ನಮಗೇ ಉಳೀತು. ಆದ್ರೆ ಸತ್ಮೇಲೆ ನನ್ನನ್ನ ಎಲ್ಲಿಡ್ತೀಯ?"

"ನಮ್ಮ ಅನ್ನದಂಗಡಿ ಒಲೆ ಎದುರಿಗೆ. ಅನ್ನ ಸೀಯದ ಹಾಗೆ ನೋಡ್ಕೊಂಡಿರು."

ಬಿ-ಯುನ್ ನಕ್ಕಳು. ಆದರೆ ಉಳಿದ ತಿಂಡಿ ತಿನ್ನದೆ ಡಬ್ಬ ಮುಚ್ಚಿಟ್ಟಳು.

*

ಮುದುಕ ಕುವಾನ್-ಷೆಂಗ್ ಹೊಸ್ತಿಲಾಚೆಯೇ ನಿಂತುಬಿಟ್ಟಿದ್ದ. ಬಂದವರಲ್ಲಿ ಗುಸುಗುಸು ಎದ್ದಿತು.

"ಒಳಗೆ ಬನ್ನಿ ಅಣ್ಣ," ಎಂದಳು ಸು-ಹುವಾ.

"ಹಾಗೆಲ್ಲ ಬರಕ್ಕಾಗುತ್ತಾ?" ಮುದುಕ ಗದರಿದ. "ತವರಿನೋರು ಬಂದಿದೀವಿ. ಕೊಟ್ಟ ಮನೆಯೋರು ಹೊರಗೆ ಬಂದು, ಮಂಡಿಯೂರಿ ಕರ್ಕೋಬೇಕು. ಇಷ್ಟು ವರ್ಷ ಸಂಸಾರ ಮಾಡಿ ಇದೂ ಗೊತ್ತಿಲ್ವಾ?"

ಸು-ಹುವಾ ಓಡಿಬಂದು ಬೀದಿಯಲ್ಲೇ ಮಂಡಿಯೂರಿದಳು. ಮೂರು ದಿನದಿಂದ ಬಾರದ ಅಳು ಈಗ ಬಂತು, ಮನಸ್ಸು ಹಗುರವಾಯಿತು.

"ಏಳಿ, ಏಳಿ," ಕುವಾನ್-ಷೆಂಗ್ ತೋಳು ಹಿಡಿದು ಎತ್ತಿದ. "ನಿಮ್ಮ ಮಂಡಿನೂ ನನ್ನ ಮಂಡಿ ಥರಾನೇ ನೋಯ್ತಿರ್ಬೇಕು."

ಒಳಗೆ ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದ. "ಆ ಡಬ್ಬ ವಾಪಸ್ ಕಳಿಸಬಾರ್ದಿತ್ತು ಕಣೇ," ಎಂದ.

ಪೆಟ್ಟಿಗೆಯವನು ಮುಚ್ಚಳಕ್ಕೆ ಕೈಹಾಕಿ ಅವನತ್ತ ತಿರುಗಿದ. "ಮುಚ್ಚಬಹುದಾ, ಯಜಮಾನ್ರೇ?"

"ನಾನು ನೋಡಿದ್ದಾಯ್ತು. ಇನ್ನು ಅವಳ ಮನೆಯೋರನ್ನ ಕೇಳು."

ಸು-ಹುವಾ ಬಿ-ಯುನ್‌ಳ ಕಾಲರ್ ಸರಿಮಾಡಿ ತಲೆಯಾಡಿಸಿದಳು. ಕುವಾನ್-ಷೆಂಗ್ ನೆಂಟರ ಸಾಲಿಗೆ ಹೋಗಿ, ಒಂದು ಕುರ್ಚಿ ಎಳೆದುಕೊಂಡು ಕುಳಿತ.