ತಿದ್ದಿದ ಸಾಲು

ಗಿಟಾರಮ್ಮ ವಾರವಿಡೀ ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುತ್ತಿದ್ದಳು, ಬಿಡುವಾದಾಗ ಹಾಡು ಕಟ್ಟುತ್ತಿದ್ದಳು. ಆ ಅಡ್ಡಹೆಸರು ಇಟ್ಟಿದ್ದು ಜೊತೆಗೆ ಕೆಲಸ ಮಾಡುವವರು. ಹನ್ನೊಂದು ವರ್ಷ ಹಾಡಿದ್ದಕ್ಕೆ ಸಿಕ್ಕ ಬಿರುದು ಅದೊಂದೇ. ಯೇಸುವಿನ ಹಾಡು ಎಂದು, ಸಂಜೆ ಹಾಡುಗಾರರನ್ನು ಕರೆಸುವ ಕಾಫಿ ಅಂಗಡಿಗಳವರು ಮೂಗು ಮುರಿಯುತ್ತಿದ್ದರು. ಡ್ರಮ್ಮಿನ ಗದ್ದಲ ಎಂದು ಚರ್ಚಿನವರು ಹುಬ್ಬು ಗಂಟಿಕ್ಕುತ್ತಿದ್ದರು.

ಡ್ರಮ್ ಬಾರಿಸುತ್ತಿದ್ದವನು ಅವಳ ತಮ್ಮ. ಗೋಡೆಗೆ ಬಣ್ಣ ಬಳಿಯುವುದು ಅವನ ಕಸುಬು. ಒಂದು ದಿನ ಮೂರನೇ ಮಹಡಿಯಿಂದ ಸಾರುವೆ ಸಮೇತ ಕೆಳಗೆ ಬಿದ್ದ. ಒಂಬತ್ತು ದಿನ ಅವಳೂ ತಾಯಿಯೂ ಮಂಡಿಯೂರಿ ಪ್ರಾರ್ಥಿಸಿದರು. ಹತ್ತನೆಯ ದಿನ ಅವನು ಹೋದ. ಆಮೇಲೆ ಯೇಸುವನ್ನೇ ಕುರಿತು ಹುಟ್ಟಿದ ಹಾಡಿನ ಪಲ್ಲವಿ ಹೀಗಿತ್ತು: ‘ತಡವಾಗಿ ಬಂದೆ ನೀನು, ತಮ್ಮ ಮಣ್ಣಾದ ಮೇಲೆ ಬಂದೆ.’

ಆ ಹಾಡು ಹೇಗೋ ಬಾಯಿಂದ ಬಾಯಿಗೆ ಹರಡಿತು. ಊರಿನ ದೊಡ್ಡ ಚರ್ಚಿನ ಗಾಯನ ಮೇಷ್ಟ್ರು ತಾವೇ ಫೋನು ಮಾಡಿ, ಭಾನುವಾರದ ಆರಾಧನೆಯಲ್ಲಿ ಹಾಡಲು ಕರೆದರು. ತಾಯಿ ಇದ್ದುದರಲ್ಲೇ ಒಳ್ಳೆಯ ಸೀರೆಯುಟ್ಟು ಮೂರನೇ ಸಾಲಿನಲ್ಲಿ ಕೂತಳು.

ಗಿಟಾರಮ್ಮ ಮೈಕಿನ ಮುಂದೆ ನಿಂತು ಪರದೆ ನೋಡಿದಳು. ಅಲ್ಲಿ ದೊಡ್ಡಕ್ಷರದಲ್ಲಿ ಮೂಡಿತ್ತು: ‘ಬೇಗನೆ ಬಂದೆ ನೀನು, ಬೆಳಕಾಗಿ ಬಾಳಿಗೆ ಬಂದೆ.’

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲೇ ನಿಂತಿದ್ದ ಮೇಷ್ಟ್ರ ಕಡೆ ತಿರುಗಿದಳು. “ಯಾರು ತಿದ್ದಿದ್ದು ಇದನ್ನ?”

“ನಾನೇ ಸ್ವಲ್ಪ ನಯ ಮಾಡ್ದೆ ಕಣಮ್ಮ. ಜನ ಸಮಾಧಾನ ಹುಡುಕ್ಕೊಂಡು ಬರ್ತಾರೆ. ದೇವರ ಮೇಲೆ ದೂರು ಹೇಳಿದ್ರೆ ಹೇಗೆ?”

“ಬೈಬಲಿನ ಸುವಾರ್ತೆಯಲ್ಲೇ ತಮ್ಮನ್ನ ಕಳ್ಕೊಂಡ ಒಬ್ಬ ಅಕ್ಕ ಯೇಸುವಿನ ಎದುರು ನಿಂತು, ‘ನೀನು ಮೊದಲೇ ಬಂದಿದ್ರೆ ಅವನು ಸಾಯ್ತಿರಲಿಲ್ಲ’ ಅನ್ನಲಿಲ್ವಾ? ಅವಳನ್ನೂ ತಿದ್ತೀರಾ?”

“ಈಗ ಹಾಡು. ಆಮೇಲೆ ಮಾತಾಡೋಣ.”

ಅವಳು ಹಾಡಿದಳು, ತನ್ನ ಮಾತುಗಳನ್ನೇ. ‘ತಡವಾಗಿ’ ಎಂಬ ಪದ ಬಾಯಿಂದ ಬಿದ್ದದ್ದೇ ತಡ, ಮೈಕು ಸತ್ತಿತು. ಕೈಲಿದ್ದ ಕರೆಂಟಿನ ಗಿಟಾರಿಗೂ ದನಿಯಿಲ್ಲ. ಗಾಯನದ ಗುಂಪು ಎತ್ತರಿಸಿದ ದನಿಯಲ್ಲಿ ಪರದೆಯ ಸಾಲು ಹಿಡಿಯಿತು. ಅವಳು ಗಂಟಲು ಹರಿಯುವಂತೆ ಹಾಡಿದರೂ ನಲವತ್ತು ಬಾಯಿಗಳ ಮುಂದೆ ಒಂದು ಬಾಯಿ ಎಷ್ಟೆಂದು ಹೋರಾಡೀತು?

ಆಗ ಮೂರನೇ ಸಾಲಿನಲ್ಲಿ ತಾಯಿ ಎದ್ದು ನಿಂತಳು. ಕಿವಿ ಸ್ವಲ್ಪ ಮಂದ, ಹಾಗಾಗಿ ಮಾತೂ ಜೋರು. “ಯಾಕೆ ನನ್ ಮಗಳ ಬಾಯಿ ಮುಚ್ಚಿಸ್ತಿದ್ದೀರಿ? ಸತ್ತೋನು ನನ್ ಮಗ. ಬೇಗ ಬಂದಿದ್ರೆ ನಾನು ಅವನನ್ನ ಯಾಕೆ ಮಣ್ಣು ಮಾಡ್ತಿದ್ದೆ?”

ಹಾಡು ಅರ್ಧಕ್ಕೇ ನಿಂತಿತು. ಪಾಸ್ಟರು ಗಡಬಡಿಸಿ, “ಪ್ರಾರ್ಥನೆ ಮಾಡೋಣ” ಎಂದರು. ಎಲ್ಲರೂ ಕಣ್ಣು ಮುಚ್ಚಿದರು. ತಾಯಿ ಮಗಳು ಕಣ್ಣು ತೆರೆದುಕೊಂಡೇ ಹೊರಗೆ ನಡೆದರು.

ಅಲ್ಲಿಗೆ ಮುಗಿಯಲಿಲ್ಲ. ತಿಂಗಳೊಳಗೆ ಆ ತಿದ್ದಿದ ಹಾಡು ಮೇಷ್ಟ್ರ ಹೆಸರಿನಲ್ಲೇ ಎಲ್ಲರ ಫೋನುಗಳಲ್ಲಿ ಓಡಾಡತೊಡಗಿತು. ಗಿಟಾರಮ್ಮ ಲಾಂಡ್ರಿಯ ಏಪ್ರನ್ ಕೂಡ ಬಿಚ್ಚದೆ ಅವರ ಕೋಣೆಗೆ ನುಗ್ಗಿದಳು.

ಮೇಷ್ಟ್ರು ನಕ್ಕರು. “ಹಾಡು ನಿಂದೂ ಅಲ್ಲ, ನಂದೂ ಅಲ್ಲ ತಂಗಿ. ಎಲ್ಲಾ ದೇವರದ್ದು.”

“ದೇವರದ್ದಾದ್ರೆ ಅದರ ಕೆಳಗೆ ನಿಮ್ಮ ಹೆಸರು ಯಾಕಿದೆ?”

ಮರುವಾರ ಮೇಷ್ಟ್ರ ಹೆಸರು ಹೋಗಿ ‘ಹಳೆಯ ಹಾಡು, ಕರ್ತೃ ತಿಳಿದಿಲ್ಲ’ ಎಂದು ಬಂತು. ಉಸಿರಾಡಿಕೊಂಡು ಇದೇ ಊರಿನಲ್ಲಿ ಇಸ್ತ್ರಿ ಹಾಕುತ್ತಿರುವ ಹೆಂಗಸು ತಿಳಿಯದವಳಾದಳು!

ಅವಳು ತನ್ನ ಹಾಡನ್ನು ತಾಯಿಯ ಅಡುಗೆಮನೆಯಲ್ಲಿ ಕೂತು ತಾನೇ ರೆಕಾರ್ಡ್ ಮಾಡಿ ಹೊರಗೆ ಬಿಟ್ಟಳು. ಡ್ರಮ್ ಇರಲಿಲ್ಲ, ಬೇರೆಯವರನ್ನು ಕರೆಯಲು ಮನಸ್ಸು ಒಪ್ಪಲಿಲ್ಲ. ಕೇಳಿದವರು ಇನ್ನೂರು ಮಂದಿ ದಾಟಲಿಲ್ಲ. ಮೇಷ್ಟ್ರದ್ದನ್ನು ಲಕ್ಷ ಜನ ಕೇಳಿದ್ದರು. ಆದರೆ ಒಂದು ಬೆಳಿಗ್ಗೆ ಆಸ್ಪತ್ರೆಯ ನರ್ಸೊಬ್ಬಳು ಇಸ್ತ್ರಿ ಕೋಣೆಯ ಬಾಗಿಲಿಗೆ ಬಂದು ನಿಂತಳು. “ವಾರ್ಡಲ್ಲಿ ಮಗು ಕಳ್ಕೊಂಡ ತಾಯಿ ಒಬ್ಬಳಿದ್ದಾಳೆ. ನಾಲ್ಕು ದಿನದಿಂದ ಮಾತಿಲ್ಲ. ನಿನ್ನ ಹಾಡು ಕೇಳಿಸ್ದೆ. ಹಾಡಿದವರನ್ನ ನೋಡ್ಬೇಕಂತೆ.”

ಗಿಟಾರಮ್ಮ ಇಸ್ತ್ರಿ ಯಂತ್ರ ಆರಿಸಿ, ಕೈ ಒರೆಸಿಕೊಂಡು ಅವಳ ಹಿಂದೆ ಮೆಟ್ಟಿಲೇರಿದಳು. ಮೇಷ್ಟ್ರ ಮೇಲಿನ ಸಿಟ್ಟು ಮಾತ್ರ ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ.