ಅಬೇದಾಬಿ ಕೇಳಿದ ಮಾಫಿ

ಅಳವಂಡಿಯ ಎರೆಹೊಲಗಳಲ್ಲಿ ಹಂಪವ್ವ ಮತ್ತು ಅಬೇದಾಬಿ ಇಪ್ಪತ್ತು ವರ್ಷ ಜೊತೆಯಾಗಿ ಹತ್ತಿ ಬಿಡಿಸಿದವರು. ಕೈ ಹತ್ತಿಯ ಮೇಲಿದ್ದರೆ ಮಾತು ದೇವರ ಮೇಲೆ. ಒಬ್ಬಳು ಹೇಳುವಾಗ ಇನ್ನೊಬ್ಬಳು ಕೇಳುವಳು, ಸರಿಯೆನಿಸದಿದ್ದರೂ ಹೀಯಾಳಿಸುತ್ತಿರಲಿಲ್ಲ. ಊರ ಗಂಡಸರಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು!

"ಮುಂದಿನ ಜನ್ಮದಾಗ ಇಬ್ರೂ ಒಂದ ಹೊಟ್ಟ್ಯಾಗ ಹುಟ್ಟೋಣು" ಎಂದು ಹಂಪವ್ವ ಒಮ್ಮೆ ಅಂದಾಗ ಅಬೇದಾಬಿ ನಕ್ಕಿದ್ದಳು.

"ನಮಗ ಇದೊಂದ ಜನ್ಮನವ್ವ. ಆಮ್ಯಾಲ ಖಯಾಮತ್ ದಿನ ಖುದಾನ ಮುಂದ ನಿಂತು ಜವಾಬು ಕೊಡಬೇಕು."

"ಹಂಗಾರ ಮತ್ತ ನಾವು ಸಿಗೂದಿಲ್ಲೇನು?"

"ಸಿಗತೀವೇಳು. ನಿನ್ನ ಶಿವಪ್ಪ ಬಿಟ್ಟಾನೇನು, ನನ್ನ ಖುದಾ ಬಿಟ್ಟಾನೇನು?"

ಇವರ ನಡುವೆ ಕಹಿ ಸಂಗತಿ ಅಂತ ಇದ್ದದ್ದು ಒಂದೇ. ಹಿಂದೊಮ್ಮೆ ಉಡಿಯಲ್ಲಿ ಹತ್ತಿ ಕದ್ದಳೆಂದು ಒಂದು ಹೊಲದ ಯಜಮಾನ ಹಂಪವ್ವನನ್ನು ಕೆಲಸದಿಂದ ಅಟ್ಟಿದ್ದ. ಕದ್ದವಳು ಬೇರೆಯವಳು. ಅದನ್ನು ಕಣ್ಣಾರೆ ಕಂಡಿದ್ದ ಅಬೇದಾಬಿ, ತನ್ನ ಕೂಲಿಯೂ ಹೋದೀತೆಂದು ಬಾಯಿ ಬಿಡಲಿಲ್ಲ. ಹಂಪವ್ವನಿಗೆ ಇದು ಗೊತ್ತಿತ್ತು. ಮನಸ್ಸಿಗೆ ಹಚ್ಚಿಕೊಳ್ಳದೆ ಎಂದೋ ಬಿಟ್ಟುಬಿಟ್ಟಿದ್ದಳು.

ನಲವತ್ಮೂರನೆಯ ಇಸವಿಯ ಚಳಿಗಾಲದಲ್ಲಿ ಅಬೇದಾಬಿ ಜ್ವರ ಹತ್ತಿ ಮಲಗಿದಳು. ಎಂಟೇ ದಿನಕ್ಕೆ ಮೈ ಕಡ್ಡಿಯಾಯಿತು. ನೋಡಲು ಬಂದ ಹಂಪವ್ವನ ಕೈ ಹಿಡಿದುಕೊಂಡಳು.

"ಹಂಪಿ, ಆ ಹತ್ತಿ ಸುದ್ದಿ... ನಾ ಸುಮ್ನ ನಿಂತೆ. ಮಾಫ್ ಮಾಡೀನಿ ಅನ್ನು."

"ಅಯ್ಯ, ನಮ್ಮಿಬ್ರೊಳಗ ಮಾಫಿ ಎಲ್ಲೀದು? ಸುಮ್ನ ಮಲಕೋ."

"ಒಂದ ಸಲ ಅನ್ನು."

"ನಾನೇನು ದೊಡ್ಡಾಕೀನ, ನಿನಗ ಮಾಫ್ ಮಾಡಾಕ? ನೀ ತಪ್ಪ ಮಾಡೇ ಇಲ್ಲ."

ತಪ್ಪೇ ಆಗಿಲ್ಲ ಎನ್ನುವುದೇ ಗೆಳತಿಗೆ ಕೊಡುವ ದೊಡ್ಡ ಮರ್ಯಾದೆ ಎಂದು ಹಂಪವ್ವ ತಿಳಿದಿದ್ದಳು. ಮೇಲಾಗಿ, ಹಾಸಿಗೆ ಹಿಡಿದವಳಿಗೆ ಮಾಫ್ ಮಾಡೀನಿ ಅಂದರೆ ನೀನು ಸಾಯುತ್ತೀ ಎಂದು ಒಪ್ಪಿಕೊಂಡ ಹಾಗಲ್ಲವೇ? ಅಬೇದಾಬಿ ಮೂರನೆಯ ಸಲ ಕೇಳಿದಾಗ, "ನಾಳೆ ಗಂಜಿ ತರತೀನಿ" ಎಂದು ಎದ್ದು ಬಂದಳು. ಶುದ್ಧ ಹುಚ್ಚಿ! ಕೇಳಿದ್ದನ್ನು ಕೊಡುವುದು ಬಿಟ್ಟು ತನಗೆ ತೋಚಿದ್ದನ್ನು ಕೊಟ್ಟು ಬಂದಳು.

ಮರುದಿನ ಮುಂಜಾನೆ ಗಂಜಿ ಕುದಿಯುವ ಮೊದಲೇ ಸಾವಿನ ಸುದ್ದಿ ಬಂತು.

ಮಣ್ಣಾದ ಮೂರನೆಯ ದಿನ ಹಂಪವ್ವ ಆ ಮನೆಯಲ್ಲಿ ಕೂತು ಅಳುತ್ತಿದ್ದಾಗ, ಅಬೇದಾಬಿಯ ಮಗಳು ಶಾಹಜಾದಬಿ ಹತ್ತಿರ ಬಂದು ಕೂತಳು.

"ಚಿಗವ್ವ, ಅವ್ವನ ಮ್ಯಾಲ ನಿನಗ ಇನ್ನೂ ಸಿಟ್ಟೈತೇನು?"

"ಸಿಟ್ಟ? ಯಾಕ ಹಂಗಂತಿ ನನ್ನವ್ವ?"

"ಮಂದೀಗೆ ಮಾಡಿದ ತಪ್ಪನ್ನ ಖುದಾ ಮಾಫ್ ಮಾಡಂಗಿಲ್ಲಂತ. ಆ ಮಂದೀನ ಬಾಯಿಬಿಟ್ಟು ಮಾಫ್ ಮಾಡೀನಿ ಅನ್ನಬೇಕು. ಅದಕ್ಕ ಅಷ್ಟು ಒದ್ದಾಡಿದ್ಲು."

ಹಂಪವ್ವ ಹಣೆ ಬಡಿದುಕೊಂಡಳು. ಇಪ್ಪತ್ತು ವರ್ಷ ಅವಳ ದೇವರ ಮಾತು ಕೇಳಿದವಳು, ಯಾಕೆ ಅನ್ನಬೇಕು ಎಂದು ಅವತ್ತು ಒಂದೇ ಒಂದು ಮಾತು ಕೇಳಲಿಲ್ಲವಲ್ಲ!

"ಕಡೀಕ ಏನಂದ್ಲು?"

"ಹಂಪಿ ಅಂದ್ಲೇನು ಅಂತ ಕೇಳಿದ್ಲು. ಹೂನವ್ವ, ಹೋಗೂ ಮುಂದ ಬಾಗಿಲದಾಗ ನಿಂತು ಅಂದು ಹೋದ್ಲು ಅಂತ ಸುಳ್ಳ ಹೇಳಿದೆ. ಆಮ್ಯಾಲ ಕಣ್ಣ ಮುಚ್ಚಿದ್ಲು." ಶಾಹಜಾದಬಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗರ ಅನ್ನು, ಚಿಗವ್ವ. ನನ್ನ ಸುಳ್ಳರ ಖರೇ ಆಗ್ಲಿ."

ಹಂಪವ್ವ ಎದ್ದು ಹೋಗಿ ಬಾಗಿಲಲ್ಲಿ ನಿಂತಳು. ಅಬೇದಾಬಿ ಮಲಗಿದ್ದ ಮೂಲೆಯ ಕಡೆ ನೋಡಿ "ಮಾಫ್ ಮಾಡೀನಿ" ಅಂದಳು. ಹೇಳಲಿಕ್ಕೆ ಒಂದು ಉಸಿರೂ ಪೂರಾ ಬೇಕಾಗಲಿಲ್ಲ.