ಅತ್ತೆಗೆ ತಪ್ಪು ಹಾಕಿದ ಅಳಿಯ

ಬೀದಿಗೆಲ್ಲ ಅವರು ಟೇಪಕ್ಕ. ಬಟ್ಟೆ ಹೊಲಿಯುವ ಅವರ ಕೊರಳಿನಿಂದ ಅಳತೆಯ ಟೇಪು ಇಳಿದದ್ದನ್ನು ಗಂಡನೂ ಕಂಡಿರಲಿಲ್ಲ. ಐವತ್ತೊಂದನೆಯ ವಯಸ್ಸಿನಲ್ಲಿ, ಹುಡುಗಿಯಾಗಿದ್ದಾಗ ಅರ್ಧಕ್ಕೆ ಬಿಟ್ಟ ಶಾಲೆಯ ಪರೀಕ್ಷೆ ಮುಗಿಸಿಯೇ ತೀರುತ್ತೇನೆಂದು ಹಟ ಹಿಡಿದರು. ಉಳಿದ ವಿಷಯಗಳು ಹೇಗೋ ದಾಟಿದವು. ಗಣಿತ ಮಾತ್ರ ಎರಡು ಸಲ ಕೈಕೊಟ್ಟಿತು.

ಗಣಿತದ ಮೇಷ್ಟ್ರು ಮನೆಯಲ್ಲೇ ಇದ್ದರು, ಅಳಿಯ. ತೊಂದರೆ ಇದ್ದದ್ದೂ ಅಲ್ಲೇ. ಶಾಲೆಯಲ್ಲಿ ಹುಲಿಯಂತಿದ್ದ ಆ ಮನುಷ್ಯ ಅತ್ತೆಯ ಎದುರು ನೆನೆದ ಬೆಕ್ಕಾಗುತ್ತಿದ್ದರು. 'ತಪ್ಪು' ಎಂಬ ಎರಡಕ್ಷರ ಅವರ ಗಂಟಲು ದಾಟುತ್ತಿರಲಿಲ್ಲ.

ಒಂದು ಸಂಜೆ ಫಂಕ್ಷನ್‌ಗಳ ಪಾಠ ಬಂತು.

"ಎರಡು ಫಂಕ್ಷನ್ ಕೂಡಿಸಬೇಕು ಅತ್ತೆ."

"ಒಂದೇ ದಿನ ಎರಡು ಫಂಕ್ಷನ್ ಬಂದ್ರೆ ಯಾವುದಕ್ಕೂ ನೆಟ್ಟಗೆ ಹೋಗೋಕಾಗಲ್ಲ ಕಣ್ರೀ."

ಅಳಿಯ ಪಟ್ಟಿ ಬರೆದುಕೊಟ್ಟರು. ಎಕ್ಸ್ ಕೆಳಗೆ ಒಂದರಿಂದ ನಾಲ್ಕು. ಎಫ್ ಕೆಳಗೆ ಐದು, ಎಂಟು, ಆರು, ಒಂಬತ್ತು. ಜಿ ಕೆಳಗೆ ಎರಡು, ಮೂರು, ಏಳು, ಒಂದು. ಎಕ್ಸ್ ಮೂರಾದಾಗ ಎಫ್ ಪ್ಲಸ್ ಜಿ ಎಷ್ಟು?

ಟೇಪಕ್ಕ ಎಫ್ ಕೆಳಗಿನದನ್ನೆಲ್ಲ ಕೂಡಿಸಿದರು, ಜಿ ಕೆಳಗಿನದನ್ನೆಲ್ಲ ಕೂಡಿಸಿದರು, ಎರಡೂ ಸೇರಿ ನಲವತ್ತೊಂದು ಬಂತು. ಪ್ರಶ್ನೆಯ ಕೊನೆಗೆ ಬ್ರಾಕೆಟ್ಟಿನಲ್ಲಿ ಮೂರಿದೆಯಲ್ಲ ಎಂದು ಮೂರರಿಂದ ಗುಣಿಸಿ, ನೂರಿಪ್ಪತ್ಮೂರು ಎಂದು ಬರೆದು ಅಡಿಗೆರೆ ಎಳೆದರು.

"ಕೂಡಿಸಿದ್ದು ಚೆನ್ನಾಗಿದೆ. ಇದೂ ಒಂದು ದಾರಿ..." ಎಂದ ಅಳಿಯನಿಗೆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ, ಪ್ಯಾಂಟಿನ ಸೊಂಟ ಸಡಿಲಿಸುವ ನೆಪದಲ್ಲಿ ಅವರು ಅತ್ತೆಯ ಅಂಗಡಿಗೆ ಬಂದರು. ಅತ್ತೆ ಹೊಲಿಗೆ ಯಂತ್ರದ ಮೇಲೆ ಬಾಗಿದ್ದರು, ಮಗಳು ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದಳು. ಗೋಡೆಯ ಮೇಲೊಂದು ರಟ್ಟು: ಸೈಜು, ಅಂಗಿಗೆ ಎಷ್ಟು ಬಟ್ಟೆ, ಪ್ಯಾಂಟಿಗೆ ಎಷ್ಟು. ಅಳಿಯನ ಕಣ್ಣು ಅದಕ್ಕೆ ಅಂಟಿಕೊಂಡಿತು.

"ಅತ್ತೆ, ಮೂರನೇ ಸೈಜಿನವರಿಗೆ ಒಂದು ಜೊತೆ ಹೊಲಿಯೋಕೆ ಎಷ್ಟು ಬಟ್ಟೆ ಬೇಕು?"

"ಮೂರೂವರೆ ಮೀಟರ್," ಅತ್ತೆ ತಲೆ ಎತ್ತಲಿಲ್ಲ. "ಮೂರನೇ ಸಾಲು ನೋಡಿ. ಅಂಗಿಗೆ ಎರಡೂಕಾಲು, ಪ್ಯಾಂಟಿಗೆ ಒಂದೂಕಾಲು."

"ಉಳಿದ ಸಾಲುಗಳನ್ನ ಕೂಡಿಸಲ್ವಾ?"

"ಅವು ಬೇರೆಯವರ ಮೈ ಅಲ್ವಾ!"

"ಮೂರರಿಂದ ಗುಣಿಸಲ್ವಾ?"

"ಗುಣಿಸಿದ್ರೆ ಒಬ್ಬನಿಗೇ ಮೂರು ಜೊತೆ ಆಗತ್ತೆ. ತಲೆ ಕೆಟ್ಟಿದೆಯಾ ನಿಮಗೆ?"

"ಹಾಗಾದ್ರೆ ನಿನ್ನೆ ನೀವು ಮಾಡಿದ್ದು ತಪ್ಪು ಅತ್ತೆ! ಶುದ್ಧ ತಪ್ಪು!"

ಯಂತ್ರ ನಿಂತಿತು. ಮಗಳ ಕೈಯಿಂದ ಸೂಜಿ ಬಿತ್ತು. ಅಳಿಯ ಬಾಗಿಲ ಕಡೆಗೆ ಎರಡು ಹೆಜ್ಜೆ ಹಿಂದೆ ಸರಿದರು.

ಟೇಪಕ್ಕ ಚೀಲದಿಂದ ನೋಟ್‌ಬುಕ್ ತೆಗೆದು ನಿನ್ನೆಯ ಪಟ್ಟಿಯ ಮೂರನೇ ಸಾಲಿನ ಮೇಲೆ ಬೆರಳಿಟ್ಟರು. "ಆರು. ಏಳು. ಹದಿಮೂರು." ಮತ್ತೊಮ್ಮೆ ನೋಡಿದರು. "ಇಷ್ಟೇನಾ? ಇದನ್ನ ಮೊದಲೇ ತಪ್ಪು ಅಂದಿದ್ರೆ ನಾನೇನು ಕಚ್ತಿದ್ನಾ? ಇಷ್ಟು ದಿನ 'ಇದೂ ಒಂದು ದಾರಿ' ಅಂತ ದಾರಿ ತಪ್ಪಿಸಿದ್ರಲ್ಲ!"

ಅಷ್ಟರಲ್ಲಿ ವ್ಯಾಯಾಮಶಾಲೆಯ ತರಬೇತುದಾರ ಒಳಗೆ ಬಂದ. ಭುಜ ಬಾಗಿಲಿನಷ್ಟು ಅಗಲ, ಕಾಲು ಕೊಡೆಯ ಕಡ್ಡಿ.

"ಇವರಿಗೆ ಎಕ್ಸ್ ಎಷ್ಟು ಹೇಳಿ ಮೇಷ್ಟ್ರೇ. ಮೇಲೆ ಐದನೇ ಸೈಜು, ಕೆಳಗೆ ಎರಡು," ಎಂದರು ಟೇಪಕ್ಕ.

"ಇವರಿಗೆ ಎಫ್ ಪ್ಲಸ್ ಜಿ ನಡೆಯಲ್ಲ ಅತ್ತೆ. ಎರಡಕ್ಕೂ ಎಕ್ಸ್ ಒಂದೇ ಇರಬೇಕು."

"ಏನ್ರೀ, ನನ್ನ ಕಾಲಿಗೆ ಏನಾಗಿದೆ?" ಎಂದು ತರಬೇತುದಾರ ಗುಡುಗಿದ. ಅವನನ್ನು ಸಮಾಧಾನ ಮಾಡಲು ಅರ್ಧ ಗಂಟೆ ಹಿಡಿಯಿತು.

ಅಂದಿನಿಂದ ಪಾಠದ ರೀತಿಯೇ ಬದಲಾಯಿತು. ನೋಟ್‌ಬುಕ್ ತುಂಬ ಕೆಂಪು ಶಾಯಿ. "ಅಮ್ಮನಿಗೆ ಹಾಗಾ ಗದರೋದು?" ಎಂದು ಮಗಳು ರೇಗಿದರೆ, "ನೀನು ಸುಮ್ನಿರೇ, ಪಾಠ ನಡೀತಿದೆ," ಎಂದು ತಾಯಿಯೇ ಅವಳ ಬಾಯಿ ಮುಚ್ಚಿಸುತ್ತಿದ್ದರು.

ಮೂರನೆಯ ಸಲ ಗಣಿತದಲ್ಲಿ ಐವತ್ತನಾಲ್ಕು ಅಂಕ ಬಂತು. ಅಳಿಯ ಬೀದಿಯುದ್ದಕ್ಕೂ ಬಾಗಿಲು ತಟ್ಟಿ ಹೇಳಿಬಂದರು. ಟೇಪಕ್ಕ ಮಧ್ಯಾಹ್ನವೇ ಅಂಗಡಿ ಮುಚ್ಚಿ ಮನೆಗೆ ಹೋಗಿ, ಸಂಜೆಯವರೆಗೆ ಗೊರಕೆ ಹೊಡೆದರು.